ಮುತ್ಯಾನ ಹೊಸ ಹಲ್ಲು ಮತ್ತು ಕೌಜುಗ

"ಫುಸ್ಸ್!"

ಮುತ್ಯಾನ ಬಾಯಿಂದ ಬಂದದ್ದು ಅಷ್ಟೇ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು.

ಮುತ್ಯಾ ಗ್ಯಾಲರಿಯ ಗ್ರಿಲ್ ಹಿಡಿದು ಇನ್ನೊಮ್ಮೆ ಕೆನ್ನೆ ಉಬ್ಬಿಸಿದ. ಕಣ್ಣು ಮುಚ್ಚಿ, ಕತ್ತು ಚಾಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಊದಿದ.

"ಫುಸ್ಸ್ಸ್!"

ಈ ಸಲ ಗಾಳಿಯ ಜೊತೆ ಮೇಲಿನ ಹಲ್ಲಿನ ಸೆಟ್ಟೂ ಹಾರಿತು. ಗ್ರಿಲ್ಲಿಗೆ ಟಣ್ ಎಂದು ಬಡಿದು ತುಳಸಿ ಕುಂಡದೊಳಗೆ ಬಿತ್ತು.

ಪಕ್ಕದಲ್ಲೇ ಹಲ್ಲುಜ್ಜುತ್ತ ನಿಂತಿದ್ದ ಕಾಂಚನಾಳಿಗೆ ನಗು ತಡೆಯಲಾಗಲಿಲ್ಲ. ಬಾಯಿಯ ನೊರೆಯೆಲ್ಲ ಫ್ರಾಕಿನ ಮೇಲೆ ಬಿತ್ತು.

"ಅರೇ ಮುತ್ಯಾ, ದಾಂತ್ ಉಡ್ ಗಯಾ!"

"ಶ್!" ಮುತ್ಯಾ ಬೆರಳೆತ್ತಿದ. ಅವನಿಗೆ ಹಲ್ಲಿನ ಕಡೆ ಗಮನವೇ ಇರಲಿಲ್ಲ. "ಕೇಳು. ಅಲ್ಲೇ ಅದ."

ಬಿಲ್ಡಿಂಗಿನ ಹಿಂದೆ ತಗಡಿನ ಬೇಲಿ. ಬೇಲಿಯ ಆಚೆ ಖಾಲಿ ಪ್ಲಾಟು, ಅದರ ತುಂಬ ಎದೆಮಟ್ಟದ ಒಣಹುಲ್ಲು. ಅಲ್ಲಿಂದ ಸದ್ದು ಬಂತು.

"ಕ್ಯಾ… ಕ್ಯಾ… ಕತ್ತೀತರ್! ಕತ್ತೀತರ್! ಕತ್ತೀತರ್!"

"ಕೋಂಬಡಿ ಹೈ ಕ್ಯಾ?"

"ಕೋಳಿ ಅಲ್ಲವಾ, ಕೌಜುಗ! ಖರೇ ಕೌಜುಗ! ಕಾಮೋಠೆದಾಗ ಕೌಜುಗ ಅದ ಅಂದ್ರ ಊರಾಗ ಯಾರೂ ನಂಬಂಗಿಲ್ಲ ನೋಡು."

ಕಾಂಚನಾ ಮುತ್ಯಾನ ಮುಖವನ್ನೇ ನೋಡಿದಳು. ಮೇಲಿನ ಹಲ್ಲಿಲ್ಲದ ಬಾಯಿ ಕಿವಿಯವರೆಗೆ ನಗುತ್ತಿತ್ತು. ದಸರೆಯ ಹೊತ್ತಿಗೆ ಕಲಬುರಗಿ ಕಡೆಯ ಹಳ್ಳಿಯಿಂದ ಮುಂಬೈ ಪಕ್ಕದ ಈ ಕಾಮೋಠೆಗೆ ಬಂದ ಮುತ್ಯಾ ಇಷ್ಟು ದಿನ ಹೀಗೆ ನಕ್ಕದ್ದನ್ನು ಅವಳು ನೋಡಿಯೇ ಇರಲಿಲ್ಲ.

ಕಾಂಚನಾಳ ಮುತ್ಯಾನ, ಎಂದರೆ ಅಜ್ಜನ, ಹೆಸರು ಮಾಪಣ್ಣ. ಊರಲ್ಲಿ ಅವನ ಬಾಯಲ್ಲಿ ಉಳಿದಿದ್ದವು ಐದೇ ಹಲ್ಲು. ರೊಟ್ಟಿ ಅಗಿಯಲಾಗದೆ ಬರೀ ನುಚ್ಚು, ಮಜ್ಜಿಗೆ ಕುಡಿದುಕೊಂಡಿದ್ದ. ಅದನ್ನು ಕೇಳಿ ಕಾಂಚನಾಳ ಪಪ್ಪಾ ಅಂಬಾದಾಸನ ಕರುಳು ಚುರ್ ಎಂದಿತು. ತಳೋಜಾದ ಫ್ಯಾಕ್ಟರಿಯಲ್ಲಿ ನಾಲ್ಕು ದಿನ ರಜೆ ಹಾಕಿ, ಊರಿಗೆ ಹೋಗಿ ಅಪ್ಪನನ್ನು ಕರೆತಂದ. ಡೆಂಟಿಸ್ಟಿಗೆ ತೋರಿಸಿ, ಆ ಐದು ಹಲ್ಲನ್ನೂ ಕೀಳಿಸಿ, ಬಿಳಿ ಬಿಳಿ ಹೊಸ ಸೆಟ್ ಹಾಕಿಸಿದ. ಈಗ ಮುತ್ಯಾ ಕಟುಂ ಕಟುಂ ಎಂದು ರೊಟ್ಟಿ ಮುರಿಯುತ್ತಾನೆ. ಪಪ್ಪಾ ಅದನ್ನು ನೋಡಿ ನೋಡಿ ಹಿಗ್ಗುತ್ತಾನೆ.

ಆದರೆ ಆ ಐದು ಹಲ್ಲಿನಲ್ಲಿ ಮುಂದಿನ ಎರಡರ ನಡುವೆ ಒಂದು ಸಂದಿ ಇತ್ತು. ಮುತ್ಯಾ ಐವತ್ತು ವರ್ಷ ಕೌಜುಗ ಕರೆದದ್ದು ಆ ಸಂದಿಯಿಂದಲೇ. ಅದು ಪಪ್ಪಾನಿಗೆ ಹೊಳೆಯಲೇ ಇಲ್ಲ. ಡೆಂಟಿಸ್ಟಿಗಂತೂ ಹೊಳೆಯುವ ಮಾತೇ ಇಲ್ಲ.

"ಸೆಟ್ ಹಾಕೊಂಡ್ರ ನಾಲಿಗಿ ಅಂಗುಳಕ್ಕ ಹತ್ತಂಗಿಲ್ಲ, ನಡುವ ಪ್ಲಾಸ್ಟಿಕ್ ಅಡ್ಡ ಬರ್ತದ," ಎಂದ ಮುತ್ಯಾ, ಕುಂಡದಿಂದ ಹಲ್ಲು ತೆಗೆದು ಮಣ್ಣು ಕೊಡವುತ್ತ. "ತೆಗದ್ರ ಬರೀ ಗಾಳಿ. ನಮ್ಮಪ್ಪ ನನಗ ಕೊಟ್ಟಿದ್ದ ಈ ಕೂಗು. ನಿಮ್ಮಪ್ಪಗ ಕೊಡಬೇಕಂದ್ರ ಅಂವ ಹದಿನಾರಕ್ಕೇ ಮುಂಬೈ ಗಾಡಿ ಹತ್ತಿದ. ನನ್ನ ಬಾಯಾಗೇ ಸತ್ತುಹೋಯ್ತು ನೋಡು."

ಹೀಗೆ ಹೇಳಿ ಸೆಟ್ಟನ್ನು ಅಂಗಿಯ ಅಂಚಿಗೆ ಒರೆಸಿದ. ಕಾಂಚನಾಳಿಗೆ ಸಂಕಟವಾಯಿತು. ಸಂಕಟವಾದಾಗ ಏನಾದರೊಂದು ಮಾತಾಡಿಬಿಡುವುದು ಅವಳ ಚಾಳಿ.

"ಮೈ ಕರೂಂ?"

ತಾನು ಕರೆಯಲೇ ಎಂದು ಕೇಳಿದ್ದಳು. ಕಾಂಚನಾಳಿಗೆ ಕನ್ನಡ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಜಾರಿಬಿಡುತ್ತದೆ.

ಮುತ್ಯಾ ಅವಳನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ, "ಬಾಯಿ ತೆರಿ," ಎಂದ. ಎತ್ತಿನ ವಯಸ್ಸು ನೋಡುವ ಹಾಗೆ ಅವಳ ಹಲ್ಲನ್ನೆಲ್ಲ ಪರೀಕ್ಷೆ ಮಾಡಿದ. "ಮುಂದಿನವು ಗಟ್ಟಿ ಅವ. ಸಣ್ಣ ಸಂದೀನೂ ಅದ. ಆಗ್ತದ, ಆಗ್ತದ!"

ಆಗ್ತದ ಎಂದುಕೊಂಡದ್ದು ಮುತ್ಯಾ. ಮೊದಲ ದಿನ ಕಾಂಚನಾಳ ಬಾಯಿಂದ ಬಂದದ್ದು ಕುಕ್ಕರಿನ ಸೀಟಿ. ಒಳಗಿನಿಂದ ಅವಳ ಮಮ್ಮಿ ಮಾಲಾ ಓಡಿಬಂದು ಗ್ಯಾಸ್ ಆರಿಸಿಬಿಟ್ಟಳು. ಅನ್ನ ಅರ್ಧ ಬೆಂದೇ ಉಳಿಯಿತು.

"ಮಾವಾ, ಬೇಕಾದ್ರ ನಿಮ್ಮ ಸಾಲಿ ಗ್ಯಾಲರಿದಾಗ ನಡಸ್ರಿ. ನನ್ನ ಕುಕ್ಕರ್ ಕೂಡ ಕಾಂಪಿಟೇಷನ್ ಬ್ಯಾಡ್ರಿ," ಎಂದು ಮಮ್ಮಿ ಕೈ ಮುಗಿದಳು.

ಎರಡನೆಯ ದಿನ ರಿಕ್ಷಾದ ಹಾರ್ನಿನಂಥ ಸದ್ದು ಬಂತು. ಮೂರನೆಯ ದಿನ ಏನೂ ಬರಲಿಲ್ಲ, ತುಟಿ ಒಡೆದು ರಕ್ತ ಬಂತು.

ಆದರೆ ಗ್ಯಾಲರಿಯ ಶಾಲೆ ನಿಲ್ಲಲಿಲ್ಲ. ಸ್ಕೂಲಿಗೆ ಹೊರಡುವ ಮುಂಚೆ ಅರ್ಧ ತಾಸು, ಬಂದ ಮೇಲೆ ಅರ್ಧ ತಾಸು. ಕಲಿಸುವಾಗ ಮುತ್ಯಾ ಊರಿನ ಮಾತು ತೆಗೆಯುತ್ತಿದ್ದ. ಒಮ್ಮೆ ತೆಗೆದರೆ ಮುಗಿಯಿತು, ಅವನನ್ನು ಕಾಮೋಠೆಗೆ ವಾಪಸು ತರಲು ಚಹಾ ಕೊಡಬೇಕಾಗುತ್ತಿತ್ತು.

"ಬಿಳಿಜೋಳ ಕೊಯ್ದಿರತಾರ. ಹೊಲದ ತುಂಬ ಕೂಳಿ. ಇಷ್ಟಿಷ್ಟುದ್ದ ಮೊಂಡ ಮೊಂಡ, ಕಾಲಿಗಿ ಚುಚ್ಚತಾವ. ಮುಂಜಾನಿ ಥಂಡಿ ಅಂದ್ರ ಹಲ್ಲು ಕಟಕಟ ಅಂತಾವ. ಹತ್ತು ಮಂದಿ ನೂಲಿನ ಬಲಿ ಹಿಡಕೊಂಡು ಬದುವಿನ ಹಿಂದ ಮಕ್ಕೊಂಡಿರತಾರ. ಒಬ್ರೂ ಕೆಮ್ಮಂಗಿಲ್ಲ. ಕೆಮ್ಮಿದ್ರ ಆ ವರ್ಷ ಅವಗ ಬ್ಯಾಟಿ ಬಂದ್. ನಾ ಒಬ್ಬನೇ ಮುಂದ ಹೋಗಿ ಕೂಡ್ತಿದ್ದೆ. ಕರೀತಿದ್ದೆ."

"ಫಿರ್? ಹಕ್ಕಿ ಯಾಕೆ ಬರ್ತಿತ್ತು?" ಎಂದಳು ಕಾಂಚನಾ ಹಿಂದಿಯಲ್ಲಿ.

"ಸಿಟ್ಟಿಗಿ! ತನ್ನ ಹೊಲದಾಗ ಇದ್ಯಾವ ಗಂಡು ಬಂತು ಅಂತ. ಎದಿ ಉಬ್ಬಿಸಿ ಓಡಿ ಬರ್ತದ, ಥೇಟ್ ನಿಮ್ಮ ಸೊಸಾಯಿಟಿ ಸೆಕ್ರೆಟರಿ ಬಂದಂಗ."

ಕಾಂಚನಾ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹಿಂದಿಯಲ್ಲೇ ಕೇಳಿದಳು, "ಅದನ್ನ ಹಿಡಿದು ತಿಂತಿದ್ರಾ?"

"ಉಳಿದವ್ರು ತಿಂತಿದ್ರು. ನಾ ತಿಂತಿದ್ದಿಲ್ಲ. ಕರದಾಂವ ತಿನ್ನಬಾರದು, ಅದು ನಮ್ಮ ಮನಿ ಕಟ್ಟಳಿ. ನಾವು ಕರದಿದ್ದಕ್ಕ ಬಂದದ್ದು, ಹ್ಯಾಂಗ ತಿನ್ನೂದು? ಆಮ್ಯಾಗ ಕಾಯಿದಾ ಬಂತು. ಹಿಡಿಯೋದು ತಪ್ಪು ಅಂದ್ರು. ನಾವು ಬಲಿ ಸುಟ್ಟಿವಿ. ಆದ್ರೂ ನಾ ಮುಂಜಾನಿ ಹೋಗಿ ಕರೀತಿದ್ದೆ. ಬರ್ತಿತ್ತು. ಒಂದ್ ಹಿಡಿ ಜೋಳ ಒಗದು ಮನಿಗಿ ಬರ್ತಿದ್ದೆ. ನಿಮ್ಮ ಆಯಿ, ಅದೇ ನನ್ನ ಹೆಂಡತಿ, ಬೈತಿದ್ದಳು, ಮನ್ಯಾಗಿನ ಜೋಳ ಹಕ್ಕಿಗಿ ಹಾಕ್ತಾನ ಅಂತ."

ಇನ್ನೊಂದು ಕಟ್ಟಳೆಯೂ ಇತ್ತು. ಕಲಿತವರು ಮೊದಲ ಸಲ ಹಕ್ಕಿಯನ್ನು ಕರೆದ ದಿನ ಮನೆಯಲ್ಲಿ ಗೋಧಿ, ಬೆಲ್ಲದ ಸಿಹಿ ಮಾದಲಿ ಮಾಡಬೇಕು. ಕಲಿಸಿದವನು ತನ್ನ ಹೆಗಲ ಟವೆಲ್ಲನ್ನು ಕಲಿತವರಿಗೆ ಹೊದಿಸಬೇಕು. ಅದಕ್ಕೆ ಕೂಗು ಕೊಡುವುದು ಎನ್ನುತ್ತಾರೆ. ಒಮ್ಮೆ ಕೊಟ್ಟ ಮೇಲೆ ಕೊಟ್ಟವನು ಮತ್ತೆ ಜನ್ಮದಲ್ಲಿ ಕೂಗುವ ಹಾಗಿಲ್ಲ.

"ನಮ್ಮಪ್ಪ ಕೊಟ್ಟ ಮ್ಯಾಗ ಇಪ್ಪತ್ತು ವರ್ಷ ಬದುಕಿದ್ದ. ಹಕ್ಕಿ ಕೂಗಿದ್ರ ಸಾಕು, ಬಾಯಿಗಿ ತಂಬಾಕು ಹಾಕೊಂಡು ಗಟ್ಟಿ ಮುಚ್ಕೊಂಡ್ ಕೂಡತಿದ್ದ. ತಡಕೊಳ್ಳೋದು ಸುಮ್ನಲ್ಲ!"

ಗುರುವಾರ ಪ್ಲಾಟಿನ ಮೂಲೆಯಲ್ಲಿ ಒಂದು ಹಳದಿ ಜೆಸಿಬಿ ಬಂದು ನಿಂತಿತು. ಸೋಮವಾರದಿಂದ ಹುಲ್ಲು ಕೆರೆದು ಪಾಯ ತೋಡುತ್ತಾರೆ, ಹದಿನಾಲ್ಕು ಮಹಡಿಯ ಟವರ್ ಬರುತ್ತದೆ ಎಂದು ವಾಚ್‌ಮನ್ ಹೇಳಿದ.

ಮುತ್ಯಾ ಅವತ್ತು ಚಹಾ ಅರ್ಧಕ್ಕೇ ಬಿಟ್ಟ. "ಸೋಮವಾರ ಅಂದ್ರ ಇನ್ನ ಮೂರೇ ಮುಂಜಾನಿ. ಆಮ್ಯಾಗ ಹಕ್ಕಿ ಎಲ್ಲಿ ಹೋಗ್ತದೋ ಏನೋ. ನೀ ಯಾವುದರ ಮುಂದ ಕರೀತಿ?"

ಶುಕ್ರವಾರ ಲಂಚ್ ಬ್ರೇಕಿನಲ್ಲಿ ಕಾಂಚನಾ ಡಬ್ಬಿ ತೆರೆಯಲೇ ಇಲ್ಲ. ಪಕ್ಕದಲ್ಲಿ ಕೂರುವ ತನ್ವಿ ಅವಳ ಪಾಲಿನದನ್ನೂ ತಿನ್ನುತ್ತ ಎಲ್ಲ ಕಥೆ ಕೇಳಿದಳು.

"ಇಷ್ಟೇನಾ?" ಎಂದಳು ತನ್ವಿ ಮರಾಠಿಯಲ್ಲಿ. "ಯೂಟ್ಯೂಬ್‌ನಲ್ಲಿ ಎಲ್ಲ ಹಕ್ಕಿಗಳ ಆವಾಜ್ ಇರತ್ತೆ. ಮಮ್ಮಿ ಮೊಬೈಲಲ್ಲಿ ಹಾಕಿ ಸ್ವೆಟರ್ ಪಾಕೆಟಲ್ಲಿ ಇಟ್ಕೋ. ಪ್ಲೇ ಒತ್ತು. ನೀನು ಬಾಯಿ ಮುಂದೆ ಕೈ ಹಿಡಿ, ಅಷ್ಟೇ. ನಿಮ್ಮ ಆಜೋಬಾ ಖುಷ್, ನೀನೂ ಖುಷ್."

"ಗೊತ್ತಾದ್ರೆ?"

"ಕೋಣಾಲಾ ಕಳಣಾರ್ ನಾಹೀ!"

ಯಾರಿಗೂ ಗೊತ್ತಾಗುವುದಿಲ್ಲ. ಈ ಮಾತು ಕೇಳಲು ಬಹಳ ಚೆನ್ನಾಗಿತ್ತು. ಮುತ್ಯಾನನ್ನು ಖುಷಿಪಡಿಸುವುದೇನು ತಪ್ಪೇ ಎಂದು ಕಾಂಚನಾ ತನ್ನನ್ನೇ ಹತ್ತು ಸಲ ಕೇಳಿಕೊಂಡಳು. ಹತ್ತು ಸಲವೂ ತಪ್ಪಲ್ಲ ಎಂದೇ ಉತ್ತರ ಬಂತು. ಕೇಳಿದವಳೂ ಹೇಳಿದವಳೂ ಒಬ್ಬಳೇ ಆದರೆ ಬೇರೆ ಉತ್ತರ ಎಲ್ಲಿಂದ ಬರಬೇಕು?

ಶನಿವಾರ ಬೆಳಿಗ್ಗೆ ಮುತ್ಯಾ, ಕಾಂಚನಾ ಇಬ್ಬರೂ ತಗಡಿನ ಬೇಲಿಯ ಸಂದಿಯಲ್ಲಿ ನುಸುಳಿ ಒಳಗೆ ಹೋದರು. ಚಳಿ ಇತ್ತು. ಹುಲ್ಲೆಲ್ಲ ಇಬ್ಬನಿಯಿಂದ ಒದ್ದೆಯಾಗಿತ್ತು. ಮುತ್ಯಾ ಉಣ್ಣೆಯ ಟೋಪಿ ಹಾಕಿಕೊಂಡು, ಒಂದು ಸಿಮೆಂಟ್ ಬ್ಲಾಕಿನ ಹಿಂದೆ ಕುಳಿತ. ಕಾಂಚನಾ ಹತ್ತು ಹೆಜ್ಜೆ ಮುಂದೆ, ಅವನಿಗೆ ಬೆನ್ನು ಮಾಡಿ ಕುಳಿತಳು. ಸ್ವೆಟರಿನ ಪಾಕೆಟಿನಲ್ಲಿ ಮಮ್ಮಿಯ ಮೊಬೈಲ್ ಇತ್ತು.

ಅವಳು ಎರಡೂ ಕೈಯನ್ನು ಬಾಯಿಗೆ ಹಿಡಿಯುವವಳಂತೆ ಮಾಡಿ, ಒಂದು ಕೈಯಿಂದ ಮೆಲ್ಲಗೆ ಪ್ಲೇ ಒತ್ತಿದಳು.

"ಕತ್ತೀತರ್! ಕತ್ತೀತರ್! ಕತ್ತೀತರ್!"

ಎಷ್ಟು ಜೋರಾಗಿತ್ತೆಂದರೆ ಅವಳೇ ಬೆಚ್ಚಿದಳು. ಹುಲ್ಲಿನೊಳಗೆ ಸರಸರ ಎಂದಿತು. ಕಂದು ಬಣ್ಣದ ಹಕ್ಕಿಯೊಂದು ಕತ್ತೆತ್ತಿ ಓಡೋಡಿ ಬಂತು. ಮೈಮೇಲೆಲ್ಲ ಸಣ್ಣ ಸಣ್ಣ ಗೆರೆ, ಕೋಳಿಮರಿಗಿಂತ ಕೊಂಚ ದೊಡ್ಡದು. ನಿಜವಾಗಿಯೂ ಸೆಕ್ರೆಟರಿಯ ಹಾಗೆಯೇ ಎದೆ ಉಬ್ಬಿಸಿತ್ತು.

ಹಕ್ಕಿ ಕೂಗಿತು. ಮೊಬೈಲೂ ಕೂಗಿತು. ಹಕ್ಕಿ ನಿಲ್ಲಿಸಿ ಕತ್ತು ಓರೆ ಮಾಡಿತು. ಮೊಬೈಲ್ ನಿಲ್ಲಿಸಲಿಲ್ಲ. ಹಕ್ಕಿ ಎಡಕ್ಕೆ ಓಡಿತು, ಬಲಕ್ಕೆ ಓಡಿತು, ಕಾಂಚನಾಳ ಚಪ್ಪಲಿಯ ಹತ್ತಿರವೇ ಬಂದು ಗಾಬರಿಯಿಂದ ಸುತ್ತಲೂ ನೋಡಿತು. ಮೊಬೈಲ್ ಇನ್ನೂ ಕೂಗುತ್ತಲೇ ಇತ್ತು. ವಿಡಿಯೋದ ಕೊನೆಯಲ್ಲಿ ಒಬ್ಬ ಅಂಕಲ್ 'ಚಾನೆಲ್ ಕೋ ಸಬ್‌ಸ್ಕ್ರೈಬ್' ಎಂದು ಶುರು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಬೆರಳು ಪಾಕೆಟಿನೊಳಗೆ ಬಟನ್ ಹುಡುಕಿತು. ಸದ್ಯ, ಅಂಕಲ್ ಬಾಯಿ ತೆರೆಯುವ ಮುಂಚೆ ಸದ್ದು ನಿಂತಿತು.

ಹಿಂದಿನಿಂದ ಒಂದು ಹಿಡಿ ಜೋಳ ಬಂದು ಹುಲ್ಲಿನ ಮೇಲೆ ಬಿತ್ತು. ಹಕ್ಕಿ ಅದನ್ನು ಮೂಸಲೂ ಇಲ್ಲ, ಬುರ್ರ್ ಎಂದು ಹಾರಿಹೋಯಿತು.

ಕಾಂಚನಾ ತಿರುಗಿ ನೋಡಿದಳು. ಮುತ್ಯಾ ಅಳುತ್ತಿದ್ದ.

"ಬಂತಲ್ಲವಾ!" ಎಂದು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನನ್ನವ್ವಾ, ಬಂತು! ಕಾಲಬುಡಕ್ಕ ಬಂತು!"

ಮನೆಗೆ ಬಂದವನೇ ಊರಲ್ಲಿದ್ದ ತಂಗಿ ಮಹಾದೇವಕ್ಕನಿಗೆ ಫೋನ್ ಹಚ್ಚಿಸಿದ. ಫೋನಿನಲ್ಲಿ ಮಾತಾಡುವಾಗ ಮುತ್ಯಾ ಕಲಬುರಗಿಗೆ ನೇರವಾಗಿ ಕೇಳಲಿ ಎನ್ನುವ ಹಾಗೆ ಕಿರುಚುತ್ತಾನೆ.

"ಮಾದೇವೀ! ಕೂಗು ಸತ್ತಿಲ್ಲ ಬೇ! ನನ್ನ ಮಮ್ಮಗಳು ಕರದಳು! ಹೌದು, ಅಂಬಾದಾಸನ ಮಗಳು! ನಾಳಿ ಟವೆಲ್ ಹೊದಸ್ತೀನಿ!"

ಆ ಫೋನು ಯಾವುದು? ಅದೇ ಮೊಬೈಲ್. ಕಾಂಚನಾ ಅದನ್ನೇ ನೋಡುತ್ತ ನಿಂತಳು.

ಅವತ್ತಿಡೀ ದಿನ ಹೀಗೇ. ಮುತ್ಯಾ ಕೆಳಗಿನ ಮನೆಯ ಕಾಕುವಿಗೆ ಹೇಳಿದ. ತರಕಾರಿ ಗಾಡಿಯವನಿಗೆ ತನ್ನ ಹರಕು ಹಿಂದಿಯಲ್ಲಿ ಹೇಳಿದ, "ಮೇರಾ ಮಮ್ಮಗಳು ತೀತರ್ ಬುಲಾಯಾ!" ಗಾಡಿಯವನು ಖುಷಿಯಾಗಿ ಕಾಂಚನಾಳ ಕೈಗೆ ಒಂದು ಗಜ್ಜರಿ ಇಟ್ಟ. ಪಪ್ಪಾ ಡ್ಯೂಟಿಯಿಂದ ಬರುವಾಗ ಬೆಲ್ಲ, ಗಸಗಸೆ, ಕೊಬ್ಬರಿ ತಂದ. ಮಮ್ಮಿ ಮಾದಲಿಗೆ ಗೋಧಿ ಹಿಟ್ಟು ತೆಗೆದಿಟ್ಟಳು.

ಸಂಜೆ ಅವಳು ಹೇಗೋ ಧೈರ್ಯ ಮಾಡಿ ಮುತ್ಯಾನ ಹತ್ತಿರ ಹೋಗಿ ಕುಳಿತಳು.

"ಮುತ್ಯಾ…"

"ಹೇಳವಾ. ಇಲ್ಲ, ನೀ ಏನೂ ಹೇಳಬ್ಯಾಡ. ನಾ ಹೇಳ್ತೀನಿ." ಅವನು ತನ್ನ ಟವೆಲ್ಲನ್ನು ಒಗೆದು, ಒಣಗಿಸಿ, ತೊಡೆಯ ಮೇಲೆ ಹಾಕಿಕೊಂಡು ಮಡಿಸುತ್ತಿದ್ದ. "ದಿನಾ ಮುಂಜಾನಿ ನಾ ಗ್ಯಾಲರಿದಾಗ ನಿಂತು ಊದ್ತೀನಿ, ಗೊತ್ತದಲ್ಲ? ಒಂದಲ್ಲ ಒಂದಿನ ಬರ್ತದ ಅಂತ ಆಸಿ ಇತ್ತು. ನಾಳಿಯಿಂದ ಊದೂದಿಲ್ಲ. ಬಿಟ್ಟುಬಿಡ್ತೀನಿ. ಇನ್ನ ನೀ ಇದ್ದೀಯಲ್ಲ, ನನಗ್ಯಾಕ ಚಿಂತಿ?"

ಕಾಂಚನಾ ಎದ್ದುಬಿಟ್ಟಳು. ಅವಳು ಗಜ್ಜರಿಯನ್ನು ಹಾಗೇ ಫ್ರಿಜ್ಜಿನಲ್ಲಿ ಇಟ್ಟು ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಇನ್ನೂ ಸೂರ್ಯ ಮೇಲೆ ಬರುವ ಮುಂಚೆಯೇ ಮನೆ ತುಂಬ ಬೆಲ್ಲ, ಏಲಕ್ಕಿಯ ವಾಸನೆ. ಮಮ್ಮಿ ಅವಳಿಗೆ ಸ್ನಾನ ಮಾಡಿಸಿ ಹೊಸ ಫ್ರಾಕ್ ಹಾಕಿ ಮಣೆಯ ಮೇಲೆ ಕೂರಿಸಿದಳು. ಪಪ್ಪಾ ಫೋಟೋ ತೆಗೆಯಲು ಮೊಬೈಲ್ ಹಿಡಿದು ನಿಂತ. ಮುತ್ಯಾ ಹೊಸ ಹಲ್ಲು ಹಾಕಿಕೊಂಡು, ಬಿಳಿ ಅಂಗಿ ತೊಟ್ಟು, ಮಡಿಸಿದ ಟವೆಲ್ ಹಿಡಿದು ಅವಳ ಮುಂದೆ ಬಂದ.

"ನಮ್ಮಪ್ಪ ನನಗ ಕೊಟ್ಟ, ನಾ ನಿನಗ ಕೊಡ್ಲತ್ತೀನಿ," ಎಂದು ಟವೆಲ್ ಬಿಡಿಸಿ ಎತ್ತಿದ.

"ಬ್ಯಾಡ ಮುತ್ಯಾ!"

ಎಲ್ಲರೂ ಬೆಚ್ಚಿಬಿದ್ದರು. ಕೂಗಿದ್ದು ಕಾಂಚನಾ.

"ನಾ ಕರೆದಿಲ್ಲ. ಮೊಬೈಲ್ ಕರೀತು. ಯೂಟ್ಯೂಬ್ ಹಾಕಿದ್ದೆ, ಪಾಕೆಟಲ್ಲಿ. ನನಗ ಬರೂದಿಲ್ಲ. ನನಗ ಸೀಟಿ ಅಷ್ಟೇ ಬರ್ತದ." ಅಷ್ಟೂ ಕನ್ನಡದಲ್ಲೇ ಬಂದುಬಿಟ್ಟಿತು. ಅದರ ಹಿಂದೆಯೇ ಅಳುವೂ ಬಂತು.

ಮುತ್ಯಾನ ಕೈ ಎತ್ತಿದಲ್ಲೇ ನಿಂತಿತು.

"ಏನ್ ಹುಡುಗಿ ಇದಿ ನೀ?" ಪಪ್ಪಾನ ದನಿ ಏರಿತು. "ವಯಸ್ಸಾದವ್ರ ಮುಂದ ನಾಟಕ ಮಾಡ್ತಿಯೇನ್? ಅಲ್ಲ, ನಿನಗ ಬರದಿದ್ರ ಬ್ಯಾಡ, ಮುತ್ಯಾನೇ ಕರೀತಿದ್ದ. ಇದೆಲ್ಲ ಯಾಕ ಬೇಕಿತ್ತು?"

"ಮುತ್ಯಾಗ ಬರಂಗಿಲ್ಲ ಪಪ್ಪಾ! ಹೊಸ ಹಲ್ಲು ಹಾಕಿದ ಮೇಲೆ ಮುತ್ಯಾಗ ಕರೀಲಿಕ್ಕೇ ಬರಂಗಿಲ್ಲ!"

"ಕಾಂಚೀ, ಸುಮ್ಮನಿರು," ಎಂದ ಮುತ್ಯಾ.

ಆದರೆ ಮಾತು ಹೊರಗೆ ಬಿದ್ದಾಗಿತ್ತು. ಪಪ್ಪಾ ಮೊಬೈಲ್ ಕೆಳಗಿಳಿಸಿ ತನ್ನ ಅಪ್ಪನನ್ನು ನೋಡಿದ.

"ಖರೇನಾ ಅಪ್ಪಾ? ನಾ ಕೀಳಿಸಿದ್ದಕ್ಕಾ? ನನಗ ಹೇಳಬಾರದಿತ್ತಾ?"

"ಏನ್ ಹೇಳ್ಲಿ ಮಗಾ? ನೀ ದಿನಾ ನನ್ನ ಮುಂದ ಕುಂತು ನಾ ರೊಟ್ಟಿ ತಿನ್ನೂದು ನೋಡ್ತಿ. ನಿನ್ನ ಮಾರಿ ಎಷ್ಟು ಅರಳಿರತದ ಅಂತ ನಿನಗೇನ್ ಗೊತ್ತು." ಮುತ್ಯಾ ಟವೆಲ್ಲನ್ನು ಮೆಲ್ಲಗೆ ಮಡಿಸಿ ಕುರ್ಚಿಯ ಮೇಲಿಟ್ಟ. "ರೊಟ್ಟಿನೂ ಬೇಕು, ಕೂಗೂ ಬೇಕು ಅಂದ್ರ ಹ್ಯಾಂಗ?"

ಪಪ್ಪಾ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಮುತ್ಯಾ ಕಾಂಚನಾಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

"ನಿನ್ನಿ ನನ್ನ ಕಿವಿಗಿ ಅನಸಿತ್ತು. ಹಕ್ಕಿ ಕೂಗಲತ್ತಿತ್ತು, ನಿಂದು ಬಾಯಿ ಮುಚ್ಚಲಿಲ್ಲ. ಹಕ್ಕಿ ಕೇಳಿದ್ದಕ್ಕ ಉತ್ತರಾನೇ ಇಲ್ಲ, ನಿನ್ನ ಕೂಗು ತನ್ನ ಪಾಡಿಗಿ ತಾ ಒದರತಿತ್ತು. ಹಿಂಗ್ಯಾಕ ಅಂತ ಅನಸಿತ್ತು. ಆದ್ರ ಮನಸು ಕೇಳಲಿಲ್ಲವಾ. ಭಾಳ ಆಸಿ ಇತ್ತಲ್ಲ."

ಬೈದಿದ್ದರೆ ಕಾಂಚನಾ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಮುತ್ಯಾನ ಬಿಳಿ ಅಂಗಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

"ಮಹಾದೇವಕ್ಕಗ ಫೋನ್ ಹಚ್ಚು," ಎಂದ ಮುತ್ಯಾ ಪಪ್ಪಾನಿಗೆ. ಈ ಸಲ ಅವನು ಕಿರುಚಲಿಲ್ಲ. "ಮಾದೇವೀ, ನಿನ್ನಿ ನಾ ಹೇಳಿದ್ದು ಸುಳ್ಳಾಯ್ತು. ಹುಡುಗಿ ಇನ್ನ ಕಲೀಲತ್ತಾಳ. ಹಾಂ. ಅಷ್ಟೇ. ನೀ ಮಾತ್ರಿ ತೊಗೊಂಡಿ?"

ಫೋನ್ ಇಟ್ಟು ಅವನು ಗ್ಯಾಲರಿಗೆ ಹೋಗಿ ಆಕಾಶ ನೋಡಿದ. ಹೊಸ ಏರ್‌ಪೋರ್ಟಿನ ಕಡೆ ಒಂದು ವಿಮಾನ ಇಳಿಯುತ್ತಿತ್ತು. ಬಿಸಿಲು ಇನ್ನೂ ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕನ್ನು ಮಾತ್ರ ಮುಟ್ಟಿತ್ತು.

"ಇನ್ನ ಹೊತ್ತು ಏರಿಲ್ಲ," ಎಂದ. "ನಡಿ."

"ಕಹಾಂ?"

"ಎಲ್ಲಿಗಿ ಅಂದ್ರ? ಇವತ್ತೊಂದೇ ಮುಂಜಾನಿ ಉಳದದ. ಫ್ರಾಕ್ ಹೊಲಸಾದ್ರ ಆಗಲಿ, ನಡಿ."

ಮಮ್ಮಿ ಬೇಡ ಎನ್ನಲಿಲ್ಲ. ಸ್ವೆಟರ್ ತಂದು ತಲೆಯ ಮೇಲಿಂದ ತೊಡಿಸಿದಳು. ಕಾಂಚನಾ ಪಾಕೆಟಿಗೆ ಕೈ ಹಾಕಿ ನೋಡಿದಳು. ಅದು ಖಾಲಿಯಿತ್ತು.

ಪ್ಲಾಟಿನಲ್ಲಿ ಜೆಸಿಬಿ ತನ್ನ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಈ ಸಲ ಮುತ್ಯಾ ಹಿಂದೆ ಉಳಿಯಲಿಲ್ಲ, ಅವಳ ಪಕ್ಕದಲ್ಲೇ ಒದ್ದೆ ಹುಲ್ಲಿನ ಮೇಲೆ ಕುಳಿತ. ಹಲ್ಲಿನ ಸೆಟ್ಟನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ನಾಲಿಗಿ ಮ್ಯಾಲ. ಗಾಳಿ ಹೊಟ್ಟಿಯಿಂದ ಬರಲಿ. ಮೂರು ಸಲ ಕರಿ, ಆಮ್ಯಾಗ ಸುಮ್ಮನ ಕೂಡು. ಅವಸರ ಮಾಡಬ್ಯಾಡ."

ಕಾಂಚನಾ ಕೈಯನ್ನು ಬಾಯಿಗೆ ಹಿಡಿದಳು. "ಪೀಂಯ್!" ಎಂದಿತು. ಕುಕ್ಕರು. ಅವಳ ಕಿವಿ ಕೆಂಪಾಯಿತು.

ಮುತ್ಯಾ ನಗಲಿಲ್ಲ.

ಎರಡನೆಯ ಸಲ "ಕ್ಯಾ… ಕೀ…" ಎಂದು ಅರ್ಧಕ್ಕೇ ಒಡೆಯಿತು. ತುಟಿಯ ಹಳೆಯ ಗಾಯ ಉರಿಯಿತು. ಅವಳು ತುಟಿ ಸವರಿಕೊಂಡು, ನಾಲಿಗೆಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ, ಗಾಳಿಯನ್ನು ಆ ಸಣ್ಣ ಸಂದಿಯಲ್ಲಿ ಬಿಟ್ಟಳು.

"ಕ್ಯಾ… ಕ್ಯಾ… ಕತ್ತೀತ… ಕತ್ತೀತರ್!"

ಒರಟಾಗಿತ್ತು. ನಡುವೆ ಎಲ್ಲೋ ಉಗುಳೂ ಸೇರಿತ್ತು. ಆದರೆ ಕುಕ್ಕರೂ ಅಲ್ಲ, ರಿಕ್ಷಾವೂ ಅಲ್ಲ. ಅವಳಿಗೇ ಆಶ್ಚರ್ಯವಾಗಿ ಕಣ್ಣರಳಿಸಿದಳು. ಮಾತಾಡಲು ಹೋದವಳ ಮೊಣಕಾಲನ್ನು ಮುತ್ಯಾ ಮೆಲ್ಲಗೆ ಒತ್ತಿದ. ಸುಮ್ಮನಿರು ಎಂದರ್ಥ.

ಇಬ್ಬರೂ ಸುಮ್ಮನೆ ಕುಳಿತರು. ದೂರದ ಹೈವೇಯಲ್ಲಿ ಟ್ರಕ್ಕೊಂದು ಗೇರ್ ಬದಲಿಸಿತು. ಯಾರದೋ ಮನೆಯಲ್ಲಿ ಬಕೆಟ್ಟಿಗೆ ನೀರು ಬೀಳುತ್ತಿತ್ತು. ಹಕ್ಕಿ ಬರುವುದಿಲ್ಲ, ನಿನ್ನೆಯೇ ಹೆದರಿ ಹೋಯಿತು, ನಾನೇ ಓಡಿಸಿದೆ ಎಂದು ಕಾಂಚನಾಳಿಗೆ ಅನಿಸತೊಡಗಿತು. ಆದರೂ ಅವಳು ಅಲುಗಲಿಲ್ಲ.

ಆಗ ಎಡಗಡೆ, ಬೇಲಿಯ ಬುಡದಿಂದ, ತುಂಬ ಮೆಲ್ಲಗೆ ಬಂತು.

"ಕ್ಯಾ… ಕತ್ತೀತರ್?"

ಕಾಂಚನಾಳ ಮೈ ಝುಂ ಎಂದಿತು. ಮುತ್ಯಾನಿಗೆ ಕೇಳಿಸಿತೋ ಇಲ್ಲವೋ ಎಂದು ಅವಳು ಕತ್ತು ಹೊರಳಿಸದೆ ಕಣ್ಣಂಚಿನಿಂದ ನೋಡಿದಳು. ಕೇಳಿಸಿತ್ತು. ಅವಳ ಮೊಣಕಾಲನ್ನು ಅವನ ಕೈ ಇನ್ನೊಮ್ಮೆ ಒತ್ತಿತ್ತು.

ಆದರೆ ಮುತ್ಯಾ ಹಕ್ಕಿ ಕೂಗಿದ ಕಡೆಗೆ ತಿರುಗಿರಲಿಲ್ಲ. ಕಣ್ಣು ಮುಚ್ಚಿಕೊಂಡು, ತಲೆ ಸ್ವಲ್ಪ ಬಾಗಿಸಿ, ಕಿವಿಯನ್ನು ಅವಳ ಬಾಯಿಯ ಕಡೆಗೆ ಹಿಡಿದು ಕುಳಿತಿದ್ದ.

ಕಾಂಚನಾ ಹಕ್ಕಿ ತನ್ನ ಮಾತು ಮುಗಿಸುವವರೆಗೆ ಕಾದಳು. ಆಮೇಲೆ ಉಸಿರು ತೆಗೆದುಕೊಂಡು, ಮುತ್ಯಾನಿಗೆ ಕೇಳುವ ಹಾಗೆ ಇನ್ನೊಮ್ಮೆ ಕರೆದಳು.